ತಾಳಣ್ಣ ತೆರೆದಿಟ್ಟು ಹೋದ ಸೆಷನ್

ನಮ್ಮ ಆಸ್ಪತ್ರೆಯಲ್ಲಿ ಅವರ ನಿಜವಾದ ಹೆಸರು ಗೊತ್ತಿದ್ದದ್ದು ಸಂಬಳದ ಪಟ್ಟಿ ಮಾಡುವವರಿಗೆ ಮಾತ್ರ. ಉಳಿದವರಿಗೆಲ್ಲ ಅವರು ತಾಳಣ್ಣ. ಯಾವ ವಾರ್ಡಿನಿಂದ ಯಾರು ಓಡಿಬಂದು ಸಿಸ್ಟಮ್ ನಿಂತುಹೋಗಿದೆ ಎಂದು ಬಾಯಿ ಬಡಿದುಕೊಂಡರೂ ಅವರು ಮೊದಲು ಹೇಳುತ್ತಿದ್ದದ್ದು "ತಾಳಿ, ತಾಳಿ" ಎಂದು. ನನ್ನದೋ, ಮೂಗಿನ ತುದಿಯಲ್ಲೇ ಕೋಪ. ಆರು ವರ್ಷ ಅವರ ಕೈಕೆಳಗೆ ಕೆಲಸ ಮಾಡಿದ್ದೇನೆ, ಆ ಮಾತು ಕೇಳಿದಾಗಲೆಲ್ಲ ಮೈ ಉರಿದಿದೆ. ಕೊನೆಗೆ ನೋಡಿದರೆ ಅವರ ಮಾತೇ ಸರಿಯಾಗಿರುತ್ತಿತ್ತು. ಅದಕ್ಕೆ ಇನ್ನಷ್ಟು ಉರಿ.

ಅವರೇನು ಡೇಟಾಬೇಸ್ ಓದಿಕೊಂಡು ಬಂದವರಲ್ಲ. ರೆಕಾರ್ಡ್ ರೂಮಿನಲ್ಲಿ ಏಣಿ ಹತ್ತಿ ರೋಗಿಗಳ ಫೈಲು ಇಳಿಸಿಕೊಡುವ ಗುಮಾಸ್ತರಾಗಿ ಸೇರಿದವರು. ಆಸ್ಪತ್ರೆಗೆ ಕಂಪ್ಯೂಟರ್ ಬಂದಾಗ ಯಾರೋ ಹೊರಗಿನವರು ಒಂದು ಡೇಟಾಬೇಸ್ ಸರ್ವರ್ ಹಾಕಿಕೊಟ್ಟು ಹೋದರು. ಅದು ಪುಕ್ಕಟೆ ಸಿಗುವಂಥದ್ದು. ಒಳಗಿನ ಕೋಡನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಬಿಟ್ಟಿ ಬಂದದ್ದು ಕೆಟ್ಟರೆ ಯಾರ ಕುತ್ತಿಗೆ ಹಿಡಿಯೋದು ಎಂದು ಸೂಪರಿಂಟೆಂಡೆಂಟರು ಗೊಣಗಿದ್ದರಂತೆ. ತಾಳಣ್ಣ ಸುಮ್ಮನೆ ಅದರ ಕೈಪಿಡಿಯನ್ನು ಮುದ್ರಿಸಿಕೊಂಡು ಮನೆಗೆ ಒಯ್ದರು. ಅವರ ಅಕ್ಕ ಟೈಲರ್. ಆ ಸಾವಿರಾರು ಹಾಳೆಗಳನ್ನು ಆಕೆ ದಪ್ಪ ದಾರದಲ್ಲಿ ಹೊಲಿದು ಆರು ಪುಸ್ತಕ ಮಾಡಿಕೊಟ್ಟಳು. ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು ಇವರು ಎರಡು ವರ್ಷ ಅದನ್ನೇ ಓದಿದರು.

ಅಕ್ಕನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಅಪ್ಪ ಅಮ್ಮ ಹೋದಾಗ ತಾಳಣ್ಣನಿಗೆ ಎಂಟು ವರ್ಷ, ಅಕ್ಕನಿಗೆ ಹದಿನೆಂಟು. ಶರ್ಟಿನ ಕಾಲರ್ ಹೊಲಿದು, ಶಾಲೆಯ ಸಮವಸ್ತ್ರ ಹೊಲಿದು ತಮ್ಮನನ್ನು ಸಾಕಿದಳು. ಇಬ್ಬರೂ ಮದುವೆಯಾಗಲಿಲ್ಲ. ಯಾರಾದರೂ ಕೇಳಿದರೆ ಅಕ್ಕ, ನನ್ನ ತಮ್ಮನಿಗೆ ಆಗಲೇ ಮದುವೆಯಾಗಿದೆ, ಹೆಂಡತಿಯನ್ನು ಆಸ್ಪತ್ರೆಯ ಎರಡನೇ ಮಹಡಿಯಲ್ಲಿ ಏಸಿ ಹಾಕಿ ಇಟ್ಟಿದ್ದಾರೆ ಎನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ಆಕೆ ಅದನ್ನು ಅರ್ಧ ಮಾತ್ರ ತಮಾಷೆಗೆ ಹೇಳುತ್ತಿದ್ದಳು ಅನ್ನುವುದು ನನಗೆ ಈಗ ಅರ್ಥವಾಗುತ್ತದೆ.

ಕೆಲಸದಲ್ಲಿ ತಾಳಣ್ಣನ ರೀತಿಯೇ ಬೇರೆ. ನಾನು ಸೇರಿದ ಹೊಸದರಲ್ಲಿ ಹೊರರೋಗಿಗಳ ಕೌಂಟರಿನಲ್ಲಿ ಫೋನ್ ನಂಬರ್ ಹಾಕಿ ಹಳೆಯ ರೋಗಿಯನ್ನು ಹುಡುಕಿದರೆ ನಲವತ್ತು ಸೆಕೆಂಡು ಹಿಡಿಯುತ್ತಿತ್ತು. ಸಾಲು ಗೇಟು ದಾಟುತ್ತಿತ್ತು. ಹೊಸ ಮೆಷಿನ್ ತರಿಸಿ ಎಂದು ಎಲ್ಲರದೂ ಒಂದೇ ರಾಗ. ಇವರು ಮೂರು ದಿನ ಕೂತು ನೋಡಿ, ಫೋನ್ ನಂಬರಿಗೆ ಇಂಡೆಕ್ಸೇ ಇಲ್ಲ ಎಂದು ಪತ್ತೆ ಮಾಡಿದರು. ಒಬ್ಬನ ವಿಳಾಸಕ್ಕಾಗಿ ಊರಿನ ಅಷ್ಟೂ ಮನೆಯ ಬಾಗಿಲು ತಟ್ಟಿದ ಹಾಗೆ ಸರ್ವರು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದುತ್ತಿತ್ತು. ಇಂಡೆಕ್ಸ್ ಹಾಕಿದ ಮೇಲೆ ಕಣ್ಣು ಮಿಟುಕಿಸುವಷ್ಟರಲ್ಲಿ ಹೆಸರು ಬಂತು. ಮೆಮೊರಿಯ ಸೆಟ್ಟಿಂಗುಗಳನ್ನೂ ಹಾಗೆಯೇ, ವಾರಕ್ಕೆ ಒಂದೇ ಒಂದು ಬದಲಿಸಿ ಕಾಯುತ್ತಿದ್ದರು. ಮೂರನ್ನೂ ಒಟ್ಟಿಗೆ ಬದಲಿಸಿ ಮುಗಿಸೋಣ ಎಂದು ನಾನು ರೇಗಿದರೆ, ಆಮೇಲೆ ಯಾವ ಔಷಧಿಗೆ ವಾಸಿಯಾಯಿತು ಅಂತ ಹೇಗೆ ಹೇಳ್ತೀಯ ಎಂದು ಕೇಳುತ್ತಿದ್ದರು.

ಅವರು ನನಗೆ ಕಲಿಸಿದ ನಿಯಮ ಎರಡು. ಒಂದು, ಡೇಟಾ ತಿದ್ದುವ ಮೊದಲು ಬಿಗಿನ್ ಎಂದು ಟೈಪು ಮಾಡಬೇಕು. ಆಮೇಲೆ ತಿದ್ದು, ಸರಿಯಾಗಿದೆಯೇ ನೋಡು, ಸರಿಯಿದ್ದರೆ ಕಮಿಟ್ ಮಾಡು; ಇಷ್ಟೂ ಸೇರಿ ಒಂದು ವ್ಯವಹಾರ. ಕಮಿಟ್ ಆಗುವ ತನಕ ಏನೂ ಖಾಯಂ ಅಲ್ಲ, ತಪ್ಪಾದರೆ ಹಿಂದಕ್ಕೆ ತೆಗೆದುಕೊಳ್ಳಬಹುದು. ಎರಡನೆಯದು, ಬೇರೆಯವರ ಸೆಷನ್ನನ್ನು, ಅಂದರೆ ಅವರು ಸರ್ವರಿನೊಂದಿಗೆ ತೆರೆದಿಟ್ಟ ಸಂಪರ್ಕವನ್ನು, ಅವರನ್ನು ಕೇಳದೆ ಕೊಲ್ಲಬಾರದು. ಹಿಂದೆ ಯಾರೋ ಆತುರಗೇಡಿ ಹಾಗೆ ಕೊಂದು, ಔಷಧಿ ಅಂಗಡಿಯ ಹೆಂಗಸು ಇಡೀ ದಿನ ಎಣಿಸಿ ತುಂಬಿದ್ದೆಲ್ಲ ಅಳಿಸಿಹೋಗಿತ್ತು. ಆಕೆ ಕೌಂಟರಿನಲ್ಲೇ ಅತ್ತಿದ್ದಳು. ಅವತ್ತಿನಿಂದ ಈ ನಿಯಮ.

ಆ ದಿನ ಬೆಳಿಗ್ಗೆ ಹನ್ನೊಂದಕ್ಕೆ ಬ್ಲಡ್ ಬ್ಯಾಂಕಿನಿಂದ ಫೋನ್ ಬಂತು. ಹಿಂದಿನ ದಿನದ ರಕ್ತದಾನ ಶಿಬಿರದಲ್ಲಿ ಬಂದ ಅರವತ್ತು ಬ್ಯಾಗುಗಳಿಗೆ ಅವಧಿ ಮುಗಿಯುವ ತಾರೀಕು ತಪ್ಪಾಗಿ ಬಿದ್ದಿತ್ತು. ತಿದ್ದುವ ನಡುವೆ ಯಾರೂ ತಪ್ಪು ಬ್ಯಾಗು ಬಿಡುಗಡೆ ಮಾಡಬಾರದೆಂದು ತಾಳಣ್ಣ ಬಿಗಿನ್ ಹೊಡೆದು, ಬ್ಯಾಗುಗಳ ಪಟ್ಟಿಯಿರುವ ಟೇಬಲ್ಲನ್ನೇ ಬೇರೆ ಯಾರೂ ತೆರೆಯದಂತೆ ಲಾಕ್ ಮಾಡಿದರು. ಎರಡು ನಿಮಿಷದ ಕೆಲಸ. ತಿದ್ದಿ ಮುಗಿಸುವಷ್ಟರಲ್ಲಿ ಅವರ ಮೊಬೈಲು ಹೊಡೆದುಕೊಂಡಿತು. ಮನೆಯಿಂದ ಫೋನು, ಹೋಗಿ ಬರ್ತೀನಿ ಎಂದು ಎದ್ದರು. ನಾನು ತಲೆ ಎತ್ತಿಯೂ ನೋಡಲಿಲ್ಲ, ಹೂಂ ಎಂದೆ. ಕಮಿಟ್ ಮಾಡಿರಲಿಲ್ಲ ಅನ್ನುವುದು ಅವರಿಗೂ ನೆನಪಾಗಲಿಲ್ಲ.

ಕಾಲು ಗಂಟೆಯಲ್ಲಿ ಆಸ್ಪತ್ರೆಯಿಡೀ ಮೇಲೆ ಕೆಳಗಾಯಿತು. ಬ್ಲಡ್ ಬ್ಯಾಂಕಿನ ಸ್ಕ್ರೀನು ತಿರುಗುತ್ತಲೇ ಇದೆ. ಉತ್ತರ ಬಾರದ ಸಿಟ್ಟಿಗೆ ಅವರು ಮತ್ತೆ ಮತ್ತೆ ಕ್ಲಿಕ್ ಮಾಡಿದರು, ಒಂದೊಂದು ಕ್ಲಿಕ್ಕೂ ಸರ್ವರಿಗೆ ಒಂದೊಂದು ಹೊಸ ಸಂಪರ್ಕವಾಗಿ ಸಾಲಿನಲ್ಲಿ ನಿಂತಿತು. ಇದ್ದ ನೂರು ಜಾಗವೂ ತುಂಬಿದ ಮೇಲೆ ಔಷಧಿ ಅಂಗಡಿ, ಲ್ಯಾಬು, ಕೌಂಟರು ಎಲ್ಲಕ್ಕೂ ಬಾಗಿಲು ಮುಚ್ಚಿತು. ನಾನು ಹಿಂದಿನ ವಾರ ಬದಲಿಸಿದ್ದ ಮೆಮೊರಿ ಸೆಟ್ಟಿಂಗನ್ನು ಶಪಿಸಿದೆ, ಡಿಸ್ಕ್ ತುಂಬಿದೆಯೇ ನೋಡಿದೆ, ಲಾಗ್ ಫೈಲು ಜಾಲಾಡಿದೆ. ಕೊನೆಗೆ ಅಡ್ಮಿನ್‌ಗೆಂದು ಕಾಯ್ದಿರಿಸಿದ ಜಾಗದಿಂದ ಒಳಗೆ ಹೋಗಿ ಸೆಷನ್ನುಗಳ ಪಟ್ಟಿ ತೆಗೆದೆ. ತೊಂಬತ್ತಾರು ಜನ ಒಬ್ಬನಿಗಾಗಿ ಕಾಯುತ್ತಿದ್ದರು. ಆ ಒಬ್ಬನ ಮುಂದೆ ತಾಳಣ್ಣನ ಹೆಸರು. ಶುರುವಾದದ್ದು ಹನ್ನೊಂದು ಗಂಟೆ ಎರಡು ನಿಮಿಷಕ್ಕೆ. ವ್ಯವಹಾರ ತೆರೆದಿಟ್ಟು ಸುಮ್ಮನೆ ಕೂತಿದೆ ಎಂದು ಸ್ಥಿತಿ ತೋರಿಸುತ್ತಿತ್ತು.

ಗಡಿಯಾರದಲ್ಲಿ ಹನ್ನೊಂದೂ ಮೂವತ್ತೈದು. ಆ ಸೆಷನ್ನನ್ನು ಕೊಲ್ಲುವ ಒಂದು ಸಾಲು ಟೈಪು ಮಾಡಿದರೆ ಎಲ್ಲ ಬಿಡುಗಡೆ. ನಾನು ಮಾಡಲಿಲ್ಲ. ತಾಳಣ್ಣನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಕೊಂದರೆ ಅವರು ತಿದ್ದಿದ್ದೆಲ್ಲ ಹಿಂದಕ್ಕೆ ಹೋಗಿ ಅರವತ್ತು ಬ್ಯಾಗಿಗೂ ತಪ್ಪು ತಾರೀಕು ಮರಳುತ್ತದೆ, ಮುಂದೊಂದು ದಿನ ಅವಧಿ ಮೀರಿದ ರಕ್ತ ಯಾರಿಗಾದರೂ ಏರಿದರೆ ಎಂಬ ಭಯ ಒಂದು ಕಡೆ. ಕೇಳದೆ ಕೊಲ್ಲಬೇಡ ಎಂಬ ಮಾತು ಇನ್ನೊಂದು ಕಡೆ. ಮತ್ತೆ ಮಾಡಿದೆ, ಮತ್ತೆ ಮಾಡಿದೆ. ನಡುವೆ ಬ್ಲಡ್ ಬ್ಯಾಂಕಿನವರು ನಾಲ್ಕು ಸಲ ಫೋನ್ ಮಾಡಿ, ಎಮರ್ಜೆನ್ಸಿಯಲ್ಲಿ ಒಬ್ಬ ಹೆಂಗಸು ರಕ್ತ ವಾಂತಿ ಮಾಡಿಕೊಂಡು ಬಂದಿದ್ದಾಳೆ, ಬೇಗ ಮಾಡಿ ಎಂದರು. ತಾರೀಕು ತಪ್ಪಿದ ಬ್ಯಾಗುಗಳ ಗೊಂದಲವಿದ್ದದ್ದರಿಂದ ಸ್ಕ್ರೀನಿನಲ್ಲಿ ಕಾಣದೆ ಒಂದು ಬ್ಯಾಗನ್ನೂ ಬಿಡುವಂತಿಲ್ಲ ಎಂದು ಅವರ ಡಾಕ್ಟರ ಕಟ್ಟಪ್ಪಣೆ. ಹತ್ತೇ ನಿಮಿಷ ಎಂದು ನಾಲ್ಕು ಸಲವೂ ಹೇಳಿದೆ. ಯಾರು ಆ ಹೆಂಗಸು ಎಂದು ಕೇಳಲಿಲ್ಲ.

ಹನ್ನೆರಡೂ ಕಾಲಿಗೆ ಬ್ಲಡ್ ಬ್ಯಾಂಕಿನ ಟೆಕ್ನಿಷಿಯನ್ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದಳು.

"ಏನ್ರೀ ಮಾಡ್ತಾ ಕೂತಿದ್ದೀರ ಇಲ್ಲಿ? ಕೆಳಗೆ ಮಲಗಿರೋದು ತಾಳಣ್ಣನ ಅಕ್ಕ ಕಣ್ರೀ. ಅವರೂ ಅಲ್ಲೇ ಕೂತಿದ್ದಾರೆ."

ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ, ಹಾಗಾಗಿತ್ತು. ಅವರು ಮನೆಯಲ್ಲಿದ್ದಾರೆಂದು ನಾನು ತಿಳಿದಿದ್ದೆ. ಅರ್ಧ ದಾರಿಯಲ್ಲೇ ಪಕ್ಕದ ಮನೆಯವರ ಕಾರು ಎದುರಾಗಿ, ಅದರಲ್ಲೇ ಅಕ್ಕನ ಜೊತೆ ವಾಪಸು ಬಂದು, ನನ್ನ ಕುರ್ಚಿಯ ನೇರ ಕೆಳಗೆ ಎರಡು ಮಹಡಿ ಇಳಿದರೆ ಸಿಗುವ ಬೆಂಚಿನ ಮೇಲೆ ಅವರು ಕೂತಿದ್ದರು. ನನ್ನ ಕೈ ತಾನಾಗಿ ಆ ಸಾಲು ಟೈಪು ಮಾಡಿತು. ಎಂಟರ್ ಒತ್ತಿದೆ. ತೊಂಬತ್ತಾರು ಸೆಷನ್ನೂ ಒಮ್ಮೆಲೇ ಹರಿದುಹೋದವು. ತಪ್ಪು ತಾರೀಕಿನ ಬ್ಯಾಗುಗಳ ಗತಿ ಏನು ಎಂದರೆ ಆಕೆ ಆಗಲೇ ಮೆಟ್ಟಿಲು ಇಳಿಯುತ್ತ, ಶಿಬಿರದ್ದು ಬಿಟ್ಟು ಬೇರೆ ಬ್ಯಾಗು ಕೊಟ್ಟರಾಯಿತು ಎಂದಳು. ಅಷ್ಟೇ. ಅಷ್ಟು ಸುಲಭದ ಮಾತನ್ನು ನಲವತ್ತು ನಿಮಿಷದಲ್ಲಿ ನಾನು ಯಾರನ್ನೂ ಕೇಳಿರಲಿಲ್ಲ.

ಅಕ್ಕ ಬದುಕಿದಳು. ಆದರೆ ರಕ್ತದೊತ್ತಡ ಬಹಳ ಹೊತ್ತು ಕುಸಿದಿದ್ದರಿಂದ ಮೆದುಳಿಗೆ ಪೆಟ್ಟಾಗಿ ಬಲಗೈ ಸ್ವಾಧೀನ ತಪ್ಪಿತು. ಬೇಗ ರಕ್ತ ಕೊಟ್ಟಿದ್ದರೆ ಉಳಿಯುತ್ತಿತ್ತೇ ಎಂದು ಡಾಕ್ಟರನ್ನು ಕೇಳಿದೆ. ಹೇಳಲಿಕ್ಕಾಗುವುದಿಲ್ಲ ಎಂದರು. ಆಗಬಹುದಿತ್ತು ಅನ್ನುವುದನ್ನು ಡಾಕ್ಟರುಗಳು ಹಾಗೆ ಹೇಳುತ್ತಾರೆ.

ನನ್ನನ್ನು ಒಳಗೊಳಗೇ ತಿನ್ನುವುದು ಬರೀ ಆ ನಲವತ್ತು ನಿಮಿಷವಲ್ಲ. ಯಾರೋ ಹೆಂಗಸು ಅಂದಾಗ ನನಗೆ ನಿಯಮ ನೆನಪಿತ್ತು. ತಾಳಣ್ಣನ ಅಕ್ಕ ಅಂದ ತಕ್ಷಣ ಮರೆತುಹೋಯಿತು. ಆ ಯಾರೋ ಹೆಂಗಸಿಗೂ ಒಬ್ಬ ತಮ್ಮ ಇರುತ್ತಿರಲಿಲ್ಲವೇ? ಥೂ, ನನ್ನ ಜನ್ಮಕ್ಕಿಷ್ಟು ಎಂದು ಎಷ್ಟು ಸಲ ಬೈದುಕೊಂಡಿದ್ದೇನೋ.

ಹನ್ನೆರಡು ದಿನದ ಮೇಲೆ ತಾಳಣ್ಣ ಕೆಲಸಕ್ಕೆ ಬಂದರು. ಪುಕ್ಕಟೆ ಸಾಫ್ಟ್‌ವೇರಿನ ದೋಷ ಎಂದು ಬರೆದು ಕೈ ತೊಳೆದುಕೊಳ್ಳೋಣ ಎಂದು ಸೂಪರಿಂಟೆಂಡೆಂಟರು ಸೂಚಿಸಿದರು. ಸರ್ವರು ಹೇಳಿದ್ದನ್ನು ಹೇಳಿದ ಹಾಗೆ ಮಾಡಿದೆ, ಅದರ ಮೇಲೆ ಯಾಕೆ ಗೂಬೆ ಕೂರಿಸ್ತೀರಿ ಎಂದು ಇವರು ಒಪ್ಪಲಿಲ್ಲ. ತಾವೇ ವರದಿ ಬರೆದರು: ನಾನು ಟೇಬಲ್ ಲಾಕ್ ಮಾಡಿ ಕಮಿಟ್ ಮಾಡದೆ ಎದ್ದುಹೋದೆ, ಕರೆ ಬಂದರೂ ಫೋನ್ ಎತ್ತಲಿಲ್ಲ, ತಪ್ಪು ನನ್ನದು. ನಾನು ಕಾದ ಹೊತ್ತಿನ ಮಾತೇ ಅದರಲ್ಲಿರಲಿಲ್ಲ. ಅದನ್ನೂ ಬರೆಯಿರಿ ಎಂದು ಜಗಳಕ್ಕೆ ಬಿದ್ದೆ. ನೀನು ನಾನು ಕಲಿಸಿದ ಹಾಗೆ ಮಾಡಿದೆ ಎಂದಷ್ಟೇ ಹೇಳಿ ಸಹಿ ಹಾಕಿದರು. ಆಮೇಲೆ ಸರ್ವರಿನ ಸೆಟ್ಟಿಂಗಿನಲ್ಲಿ ಒಂದು ಸಾಲು ಸೇರಿಸಿದರು. ಯಾರೇ ಆಗಲಿ, ವ್ಯವಹಾರ ತೆರೆದಿಟ್ಟು ಐದು ನಿಮಿಷ ಸುಮ್ಮನಿದ್ದರೆ ಸರ್ವರೇ ಅವರನ್ನು ಹೊರಹಾಕುತ್ತದೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ.

ಒಂದು ತಿಂಗಳ ಮೇಲೆ ಅಕ್ಕನನ್ನು ನೋಡಲು ಅವರ ಮನೆಗೆ ಹೋದೆ. ಒಂದು ಕೋಣೆ, ಒಂದು ಅಡುಗೆಮನೆ. ಹೊಲಿಗೆ ಮೆಷಿನ್ನಿನ ಮೇಲೆ ಹಳೆಯ ಬೆಡ್‌ಶೀಟು ಮುಚ್ಚಿತ್ತು. ಅಕ್ಕ ಕಿಟಕಿಯ ಪಕ್ಕ ಕುರ್ಚಿಯಲ್ಲಿದ್ದಳು, ಬಲಗೈ ಮಡಿಲಲ್ಲಿತ್ತು. ತಾಳಣ್ಣ ಚಹಾ ಮಾಡಲು ಒಳಗೆ ಹೋದರು. ಆಕೆ ಎಡಗೈಯಿಂದ ನನ್ನ ಕೆನ್ನೆ ಸವರಿ, ಅವತ್ತು ಕಂಪ್ಯೂಟರು ಕೆಟ್ಟಾಗ ಓಡಾಡಿ ಸರಿಮಾಡಿ ಜೀವ ಉಳಿಸಿದವಳು ನೀನೇ ಅಂತ ತಮ್ಮ ಹೇಳಿದ್ದಾನೆ, ನಿನ್ನ ಹೊಟ್ಟೆ ತಣ್ಣಗಿರಲಿ ಎಂದಳು.

ತಡೆಯಲಾಗಲಿಲ್ಲ. ಎಲ್ಲ ಹೇಳಿಬಿಟ್ಟೆ. ಕೆಟ್ಟದ್ದು ಕಂಪ್ಯೂಟರಲ್ಲ, ಅಣ್ಣ ಲಾಕ್ ಮಾಡಿ ಹೋಗಿದ್ದರು, ಅವರನ್ನು ಕೇಳದೆ ತೆಗೆಯಬಾರದೆಂದು ನಾನು ನಲವತ್ತು ನಿಮಿಷ ಕಾದೆ, ಹನ್ನೊಂದು ಸಲ ಫೋನ್ ಮಾಡಿದೆ, ಅವರು ಎತ್ತಲಿಲ್ಲ, ಎಂದೆ. ಹೇಳುತ್ತ ಹೇಳುತ್ತ ನನ್ನ ಎದೆ ಹಗುರಾಯಿತು, ಸುಳ್ಳು ಯಾಕೆ ಹೇಳಲಿ.

ಅಕ್ಕ ನನ್ನ ಕೆನ್ನೆಯಿಂದ ಕೈ ತೆಗೆದಳು. ಆಮೇಲೆ, "ಆ ಫೋನು ನಿನ್ನದಾ?" ಎಂದಳು.

"ಹೂಂ ಅಕ್ಕ."

"ಅವನ ಜೇಬಲ್ಲಿ ಗುರ್ ಅಂತಾನೇ ಇತ್ತು. ಎತ್ತೋಕೆ ಹೋದ. ನಾನೇ ಅವನ ಕೈ ಗಟ್ಟಿಯಾಗಿ ಹಿಡ್ಕೊಂಡೆ. ಇಷ್ಟು ವರ್ಷ ಆ ಮೆಷಿನ್ ಕಾದಿದ್ದು ಸಾಕು ಕಣೋ, ಇವತ್ತೊಂದಿನ ನನ್ನ ಹತ್ರ ಕೂತ್ಕೋ ಅಂದೆ. ಸುಮ್ನೆ ಕೂತ." ಆಕೆ ಮಡಿಲಿನತ್ತ ನೋಡಿದಳು. "ಇದೇ ಕೈಯಲ್ಲಿ ಹಿಡಿದಿದ್ದೆ."

ಅಡುಗೆಮನೆಯ ಬಾಗಿಲಲ್ಲಿ ತಾಳಣ್ಣ ಎರಡು ಲೋಟ ಹಿಡಿದು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಅವರು ನನ್ನತ್ತ ನೋಡಲಿಲ್ಲ. ತಾನು ಎತ್ತಗೊಡದ ಆ ಕರೆ ತನ್ನ ರಕ್ತಕ್ಕಾಗಿಯೇ ಬಂದದ್ದು ಎಂಬ ಇದೊಂದು ಮಾತು ಆಕೆಗೆ ತಿಳಿಯಬಾರದೆಂದೇ ಆ ಮನುಷ್ಯ ತಿಂಗಳಿಡೀ ಬಾಯಿ ಬಿಗಿಹಿಡಿದಿದ್ದರು, ಫೋನ್ ಎತ್ತಲಿಲ್ಲ, ತಪ್ಪು ನನ್ನದು ಎಂದು ಬರೆದು ಸಹಿ ಹಾಕಿದ್ದರು. ನಾನು ನನ್ನ ಭಾರ ಇಳಿಸಿಕೊಳ್ಳಲು ಹೋಗಿ ಅದನ್ನು ಆಕೆಯ ಮಡಿಲಿಗೆ ಹಾಕಿದ್ದೆ. ಅವರು ಲೋಟಗಳನ್ನು ನೆಲದ ಮೇಲಿಟ್ಟು, ಅಕ್ಕನ ಕಾಲ ಬಳಿ ಕೂತು, ಆ ಬಲಗೈಯನ್ನು ತಮ್ಮ ಕೈಗೆ ತೆಗೆದುಕೊಂಡು ಒಂದೊಂದೇ ಬೆರಳು ಬಿಡಿಸಿ ತಿಕ್ಕತೊಡಗಿದರು.