ಅತ್ತೆ ಅಂದ ‘ಇಲ್ಲೆ’

ಅತ್ತೆಯ ಬಲಗೈ ಹೆಬ್ಬೆರಳಿನ ಉಗುರು ಅರ್ಧ ಕಪ್ಪಾಗಿತ್ತು. ಕೋವಿಗೆ ಹಾಕುವ ಕಾಡತೂಸಿನ ಬಾಯಿ ಮಡಚುವ ಕೈಯಚ್ಚಿನಲ್ಲಿ ಎಂದೋ ಸಿಕ್ಕಿ ಜಜ್ಜಿದ್ದು. ಮುಚ್ಚಿದ ಪ್ರತಿ ಕಾಡತೂಸಿನ ಬಾಯಿಯನ್ನೂ ಅವರು ಅದೇ ಬೆರಳಿನಿಂದ, ಕಣ್ಣು ಮುಚ್ಚಿಕೊಂಡು ಸವರಿ ನೋಡುತ್ತಿದ್ದರು.

ಇಂಥ ಅಂಜುಬುರುಕಿಯನ್ನು ನಾನು ಕಂಡಿಲ್ಲ. ಕುಕ್ಕರ್ ಸೀಟಿ ಹೊಡೆದರೆ ಹಿತ್ತಲಿಗೆ ಓಡುವವರು. ಕತ್ತಲಾದ ಮೇಲೆ ಕೊಟ್ಟಿಗೆಗೆ ಹೋಗಬೇಕೆಂದರೆ ನನ್ನ ಸೆರಗು ಹಿಡಿದೇ ಬರುವವರು. ಆದರೆ ಗದ್ದೆಗೆ ಬೀಳುವ ಹಂದಿ ಓಡಿಸಲು ನನ್ನ ಗಂಡ ಲೈಸೆನ್ಸ್ ಮಾಡಿಸಿಕೊಂಡಿದ್ದ ಕೋವಿಯ ಕಾಡತೂಸುಗಳನ್ನು ಮಾತ್ರ ಬೇರೆ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ತೀರಿಹೋದ ಮಾವನವರಿಂದ ಕಲಿತ ಕೆಲಸವಂತೆ.

“ನಿಮಗ ಹೆದರಿಕಿ ಆಗೂದಿಲ್ಲೇನ್ರೀ?” ಎಂದು ಕೇಳಿದ್ದೆ.

“ಆಗ್ತು ಕೂಸೆ. ಹೆದರಿಕೆ ಇದ್ದವೇ ಇದನ್ನ ಮುಟ್ಟವು,” ಎಂದಿದ್ದರು. ಹೆದರುವವರೇ ಮುಟ್ಟಬೇಕಂತೆ.

ಗುಂಡು ಸರಿಯಾಗಿ ಕೂರುವುದು, ಬಾಯಿ ಮಡಚಿ ಬಿಗಿಯುವುದು ಎರಡೂ ಅಚ್ಚನ್ನು ಎಷ್ಟು ಇಳಿಸಿದ್ದೇವೆ ಎನ್ನುವುದರ ಮೇಲಿತ್ತು. ಅತ್ತೆ ಅಚ್ಚಿನ ತಿರುಪನ್ನು ಕೂದಲೆಳೆಯಷ್ಟು ತಿರುಗಿಸುವರು, ಒತ್ತುವರು, ಸವರುವರು, ಮತ್ತೆ ತಿರುಗಿಸುವರು. ನೋಡಿ ನೋಡಿ ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು.

ನಾನು ಹಾನಗಲ್ ಕಡೆಯವಳು. ಕಾನಸೂರಿಗೆ ಸೊಸೆಯಾಗಿ ಬಂದ ಹೊಸತರಲ್ಲಿ ಈ ಮನೆಯ ಮಾತು ಅರ್ಧ ತಿಳಿಯುತ್ತಿರಲಿಲ್ಲ. ನಮ್ಮ ಕಡೆ ‘ಇಲ್ಲೆ’ ಎಂದರೆ ಇಲ್ಲಿಯೇ, ಇವರು ‘ಇಲ್ಲೆ’ ಎಂದರೆ ಇಲ್ಲ ಎಂದರ್ಥ. ಅಷ್ಟನ್ನು ಕಲಿತಿದ್ದೆ. ಆದರೆ ಅವಸರದಲ್ಲಿ ಕಿವಿ ತವರಿನದೇ ಆಗಿಬಿಡುತ್ತದೆ.

ಒಂದು ಸಂಜೆ ಗಂಡ ಬೈಕ್ ಆರಿಸದೆ ಅಂಗಳದಿಂದಲೇ ಕೂಗಿದರು: “ಕಾಡತೂಸು ಆತನೇ? ಆಯಿನ್ನ ಕೇಳು!” ಅವರ ಆಯಿ, ನನ್ನ ಅತ್ತೆ, ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದರು. “ಕಾಡತೂಸು ಆಗ್ಯಾವೇನ್ರೀ?” ಎಂದೆ. “ಇಲ್ಲೆ,” ಎಂದರು. ಮೇಜಿನ ಮೇಲೆ, ತಟ್ಟೆಯಲ್ಲಿ, ಒಂದು ಕಾಡತೂಸು ಇತ್ತು. ಇಲ್ಲೇ ಇದೆಯಲ್ಲ ಎಂದು ಕೊಟ್ಟುಬಿಟ್ಟೆ. ಒಂದಾದರೂ ಸಾಕು ಎಂದು ಗಂಡ ಕೋವಿ ಹಿಡಿದು ಗದ್ದೆಗೆ ಹೋದರು.

ಅತ್ತೆ ಒಳಗೆ ಬಂದು ಖಾಲಿ ತಟ್ಟೆ ನೋಡಿದರು. ಹಾಲಿನ ತಂಬಿಗೆ ಕೈಯಿಂದ ಜಾರಿತು. ಮಧ್ಯಾಹ್ನ ಕಾಡತೂಸು ತುಂಬುತ್ತಿದ್ದಾಗ ನಡುವೆ ಫೋನ್ ಬಂದಿತ್ತಂತೆ. ಮಾತಾಡಿ ಬಂದು ಒತ್ತಿದರೆ ಬಾಯಿ ಕೂಡಲಿಲ್ಲ. ಅಚ್ಚು ಇನ್ನಷ್ಟು ಇಳಿಸಿ ಒತ್ತಿದರು, ಮುಚ್ಚಿತು. ಆಮೇಲೆ ಸಂಶಯ ಬಂತು, ಅದರಲ್ಲಿ ಎರಡು ಸಲ ಮದ್ದು ಬಿದ್ದಿರಬಹುದೆಂದು. ಹಾಗಿದ್ದರೆ ಕೋವಿ ಹೊಡೆದವನ ಮುಖಕ್ಕೇ ಸಿಡಿಯುತ್ತದೆ. ಬಿಚ್ಚಿ ನೋಡಲೆಂದೇ ಅದನ್ನು ತಟ್ಟೆಯಲ್ಲಿ ಬೇರೆ ಇಟ್ಟಿದ್ದರು.

ಗಂಡನಿಗೆ ಫೋನ್ ಹಚ್ಚಿದೆ. ಅಯ್ಯೋ ದೇವರೇ, ಅವರ ಫೋನ್ ಒಳಕೋಣೆಯಲ್ಲೇ ರಿಂಗಾಯಿತು.

ಅಷ್ಟರಲ್ಲಿ ಅತ್ತೆ ಹೊಸ್ತಿಲು ದಾಟಿಯಾಗಿತ್ತು. ಕಾಲುದಾರಿಯಲ್ಲಿ ಕತ್ತಲೆ ಇಳಿಯುತ್ತಿತ್ತು. ಪೊದೆ ಅಲ್ಲಾಡಿದ್ದು ಕಂಡು ಗಂಡ ಹಂದಿಯೆಂದುಕೊಂಡು ಹೊಡೆದರೆ ಆ ಈಡು ನಮ್ಮ ಕಡೆಗೇ ಬರುತ್ತದೆ. ನಾನು ಮುಂದಾಗಲು ನೋಡಿದೆ. “ನೀ ಹಿಂದಿರು. ಆನು ಮುಂದೆ ಹೋಗ್ತೆ,” ಎಂದು ರಟ್ಟೆ ಹಿಡಿದು ಹಿಂದಕ್ಕೆಳೆದರು.

“ತಮಾ, ಹೊಡೆಯಡ! ಕೋವಿ ಕೆಳಗಿಡು!” ದಾರಿಯುದ್ದಕ್ಕೂ ಮಗನನ್ನು ಕೂಗಿದರು. ದನಿ ಒಡೆದುಹೋಯಿತು. ಉತ್ತರವಿಲ್ಲ. ಯಾವ ಗಳಿಗೆಯಲ್ಲಿ ಢಂ ಎನ್ನುವುದೋ ಎಂದು ನಾನು ಎರಡೂ ಕಿವಿ ಮುಚ್ಚಿಕೊಂಡು ಓಡುತ್ತಿದ್ದೆ.

ಕಾವಲಿನ ಮಾಳದಿಂದ ಟಾರ್ಚ್ ಬೆಳಕು ಬಿತ್ತು. “ಎಂತಾತೆ ಆಯಿ? ಹಂದಿ ಎದುರಿಗೇ ಬಂದಿತ್ತು. ಹೊಡೆಯವು ಹೇಳಿ ಬೆರಳಿಟ್ಟಿದ್ದೆ, ನಿನ್ನ ಕೂಗಿಗೆ ಓಡ್ತು!” ಎಂದು ಗಂಡ ರೇಗಿದರು. ಅತ್ತೆ ಗದ್ದೆಯ ಬದುವಿನ ಮೇಲೆ ಕುಸಿದು ಕೂತು ಮಗುವಿನ ಹಾಗೆ ಅತ್ತರು.

ಮರುದಿನ ಅದನ್ನು ಬಿಚ್ಚಿದರು. ಮದ್ದಿನ ಅಳತೆ ಚಮಚ ತುಂಬಿತು. ಇನ್ನೊಂದು ಚಮಚದಷ್ಟು ಒಳಗೇ ಉಳಿದಿತ್ತು. ಕಾಲಿಗೆ ಬೀಳಲು ಹೋದರೆ ಅತ್ತೆ ತಡೆದರು.

“ನಿನ್ನ ತಪ್ಪಲ್ಲ ಕೂಸೆ. ಅದು ಬಾಯಿಬಿಟ್ಟು ಹೇಳ್ತಾ ಇತ್ತು. ಆನೇ ಒತ್ತಿ ಬಾಯಿ ಮುಚ್ಚಿಸ್ದೆ.”

ಹೋದ ಮಳೆಗಾಲದಲ್ಲಿ ಅತ್ತೆ ಜ್ವರ ಬಂದು ತೀರಿಕೊಂಡರು. ಈಗ ಅಚ್ಚು ನನ್ನ ಕೈಯಲ್ಲಿದೆ. ಪ್ರತಿ ಸಲವೂ ಹೆದರಿಕೆಯಾಗುತ್ತದೆ, ಆಗದ ದಿನ ನಾನದನ್ನು ಮುಟ್ಟುವುದಿಲ್ಲ. ಬಾಯಿ ಸಲೀಸಾಗಿ ಕೂಡದಿದ್ದರೆ ತಿರುಪಿಗೆ ಕೈ ಹಾಕದೆ ಬಿಚ್ಚಿ ನೋಡುತ್ತೇನೆ. ಅಂಗಳದಿಂದ ಗಂಡ ಕೂಗುತ್ತಾರೆ:

“ಆತನೇ?”

“ಇಲ್ಲೆ,” ಎನ್ನುತ್ತೇನೆ.

ಅವರು ಬೈಕ್ ಆರಿಸಿ, ಮೆಟ್ಟಿಲ ಮೇಲೆ ಕೂತು ಕಾಯುತ್ತಾರೆ.