ಜರಡಿಯಕ್ಕನ ದಪ್ಪ ಕಪ್ಪುಪಟ್ಟಿ

ಗಾಜಿನ ಕಾರ್ಖಾನೆಯೊಳಕ್ಕೆ ಕಸದ ಇಮೇಲ್ ನುಗ್ಗುವುದಿರಲಿ, ಅದರ ನೆರಳೂ ಬೀಳದಂತೆ ಕಾಯುವ ಹೆಣ್ಣು ಭೂಲೋಕದಲ್ಲಿ ತಾನೊಬ್ಬಳೇ ಎಂದು ಜರಡಿಯಕ್ಕ ಹೇಳಿಕೊಳ್ಳುತ್ತಿದ್ದಳು. ಮೇಲ್ ಸೋಸುವ ಕೆಲಸದಿಂದಲೇ ಆ ಹೆಸರು. ಸೊಳ್ಳೆ ಮೇಲ್ ಕಳಿಸಿದರೂ ಅದರ ಮುತ್ತಜ್ಜನ ಜಾತಕ ಕೇಳುವವಳು.

ಗುಟ್ಟೇನಪ್ಪಾ ಎಂದರೆ, ಕಸ ಕಳಿಸುವವರನ್ನೆಲ್ಲ ಯಾರೋ ಪುಣ್ಯಾತ್ಮರು ಗುರುತುಹಾಕಿ ಹಂಚುವ ಕಪ್ಪುಪಟ್ಟಿ. ಇಂಥ ಪಟ್ಟಿಗಳಲ್ಲಿ ದಪ್ಪನೆಯದನ್ನೇ ಆರಿಸಿ ತನ್ನ ಯಂತ್ರಕ್ಕೆ ತುಂಬಿದ್ದಳು; ಅದರಲ್ಲಿದ್ದವರ ಮೇಲ್ ಬಾಗಿಲಲ್ಲೇ ವಾಪಸ್. ದಪ್ಪಗಿದ್ದರೆ ಗಟ್ಟಿ ಎಂಬ ನಂಬಿಕೆ.

ಒಂದು ಬೆಳಿಗ್ಗೆ, ರಟ್ಟಿನ ಡಬ್ಬ ಮಾಡುವ ಅವಳ ತಮ್ಮ ಏದುಸಿರು ಬಿಡುತ್ತ ಬಂದ. ಕಾರ್ಖಾನೆಗೆ ವರ್ಷವಿಡೀ ಡಬ್ಬ ಒದಗಿಸುವ ಕೆಲಸಕ್ಕೆ ದರ ತಿಳಿಸಲು ಮಧ್ಯಾಹ್ನವೇ ಗಡುವು; ಅದೂ ಇಮೇಲಿನಲ್ಲೇ ಬರಬೇಕು. ಸಿಗದಿದ್ದರೆ ಅವನ ಅಂಗಡಿಗೆ ಬೀಗ.

“ಅಕ್ಕಾ, ಕಳಿಸಿದಷ್ಟೂ ಸಲ ನಿನ್ನ ಯಂತ್ರ ಕತ್ತು ಹಿಡಿದು ದಬ್ತಿದೆ! ನಾನೇನು ಕಳ್ಳನಾ?”

ಹುಡುಕಿ ನೋಡಿದ ಜರಡಿಯಕ್ಕನ ಮುಖ ಇಂಗು ತಿಂದ ಮಂಗನಂತಾಯಿತು. ತಮ್ಮನ ಮೇಲ್ ಹೊರಡುವುದು ಹಲವರು ಸೇರಿ ಬಾಡಿಗೆ ಹಿಡಿದ ಒಂದೇ ಸರ್ವರ್ ಯಂತ್ರದಿಂದ. ಅವರಲ್ಲೊಬ್ಬ ಬ್ರಹ್ಮಾಂಡದ ಬೋಳುತಲೆಗಳಿಗೆಲ್ಲ ಕಸದ ಮೇಲ್ ಸುರಿದು ಕೂದಲೆಣ್ಣೆ ಮಾರಹೊರಟಿದ್ದ. ದಪ್ಪಪಟ್ಟಿ ಆ ಒಬ್ಬನಿಗಾಗಿ ಯಂತ್ರ ಹಂಚಿಕೊಂಡ ಇಡೀ ಬೀದಿಗೇ ಬೇಡಿ ತೊಡಿಸಿತ್ತು. ಯಾಕೆಂದು ಹೇಳುವುದಿಲ್ಲ, ತಿದ್ದಿಕೊಂಡರೂ ಮರಿಮಕ್ಕಳ ಕಾಲದವರೆಗೆ ಬಿಡುವುದಿಲ್ಲ.

“ನನ್ನೊಬ್ಬನ್ನ ಒಳಗೆ ಬಿಟ್ಬಿಡೇ.”

“ಬಿಟ್ರೆ ಅದು ನ್ಯಾಯ ಅಲ್ಲ ಕಣೋ, ನೆಂಟಸ್ತಿಕೆ. ಮಿಕ್ಕವರೇನು ಪಾಪ ಮಾಡಿದ್ರು?”

ದಪ್ಪಪಟ್ಟಿಯನ್ನು ಕಿತ್ತೆಸೆದಳು. ಕಾರಣ ಹೇಳುವ, ತಿದ್ದಿಕೊಂಡವರನ್ನು ಬೇಗ ಬಿಡುವ ಮೂರು ಸಣ್ಣ ಪಟ್ಟಿಗಳನ್ನು ಹುಡುಕಿ ತಂದಳು. ಎರಡು ಪಟ್ಟಿ ಸೇರಿ ಕಸವೆಂದು ಕೂಗಿದರಷ್ಟೇ ಬಾಗಿಲು ಬಂದ್; ಒಂದೇ ಕೂಗಿದರೆ ಅನುಮಾನದ ಮೂಲೆಗೆ.

ತಮ್ಮನ ಯಂತ್ರದ ಮೇಲೆ ಮೂರರಲ್ಲೊಂದೂ ಕೂಗಲಿಲ್ಲ; ಗಡುವಿಗೆ ಉಸಿರಾಡುವಷ್ಟು ಹೊತ್ತಿರುವಾಗ ತಮ್ಮನ ಮೇಲ್ ಟಣ್ಣೆಂದು ಬಂದಿಳಿಯಿತು. ಅವನು ಕುಣಿದ ರಭಸಕ್ಕೆ ಗೋದಾಮಿನ ಲೋಟಗಳೆಲ್ಲ ತಾಳ ಹಾಕಿದವು.

ಅಷ್ಟರಲ್ಲಿ ಕಾರ್ಖಾನೆಯ ಮ್ಯಾನೇಜರು ಸಿಟ್ಟಿನಿಂದ ಕೆಂಪಾಗಿ ಬಂದರು. “ಏನಮ್ಮಾ ಇದು? ಯಾವಳೋ ಮಹಾರಾಣಿ ನನಗೊಂದು ದ್ವೀಪ ಕೊಡ್ತಾಳಂತೆ!”

“ಹೊಸ ಏರ್ಪಾಡು ಸರ್, ಒಂದು ಕಸದ ಮೇಲ್ ನುಸುಳಿರಬೇಕು. ಅಳಿಸಿಬಿಡಿ.”

“ಅಳಿಸೋದಾ? ಯಾವಾಗ ಬಂದು ತಗೊಳ್ಳಲಿ ಅಂತ ಆಗ್ಲೇ ಬರೆದುಬಿಟ್ಟೆನಲ್ಲಮ್ಮಾ! ತಡೆಯೋದು ನಿನ್ನ ಕೆಲಸ ಅಲ್ವಾ?”

“ಮೇಲ್ ಬಂದ್ರೆ ತಡೀತೀನಿ ಸರ್. ನಿಮಗೆ ಆಸೆ ಬಂದ್ರೆ ಅದನ್ನ ಯಾವ ಪಟ್ಟಿಗೆ ಹಾಕ್ಲಿ?”