ಕಾರಿಗೂ ಜ್ವರ ನೋಡುತ್ತಿದ್ದ ಡಾಕ್ಟರಮ್ಮ

ಅನ್ನವನ್ನು ಬೇಯಿಸಿ, ದೀಪವಾಗಿ ಬೆಳಗಿ, ತನ್ನ ಸ್ಥಾನದಲ್ಲಿರುವಷ್ಟು ಕಾಲವೂ ಲೋಕವನ್ನು ಪೊರೆಯುವ ಅಗ್ನಿದೇವನಿಗೆ ಮೊದಲ ನಮಸ್ಕಾರ. ಅಕ್ಷರ ಕಲಿಸಿದ ಗುರುಗಳಿಗೂ, ಕಾಯಿಲೆಯಲ್ಲಿ ಕೈಹಿಡಿದ ವೈದ್ಯರಿಗೂ, ಬಾಳಿನ ದಾರಿಯಲ್ಲಿ ಒಂದಿಷ್ಟು ದೂರ ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಹೋದ ಎಲ್ಲರಿಗೂ ತಲೆಬಾಗಿ, ನಾನು ಡಾಕ್ಟರ್ ಸುಮಿತ್ರಮ್ಮನವರನ್ನು ನೆನೆಯುತ್ತೇನೆ.

ಕಾರಿನಿಂದ ಇಳಿದೊಡನೆ ಅವರು ಅದರ ಬಾನೆಟ್ಟಿನ ಮೇಲೆ, ಮಗುವಿನ ಹಣೆಯ ಮೇಲಿಡುವಂತೆ, ಅಂಗೈಯನ್ನು ಮೆಲ್ಲನೆ ಇಟ್ಟು ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ನಮ್ಮೂರು ನರಿಮೊಗರಿನಲ್ಲಿ ಅದನ್ನು ಮೊದಲ ಬಾರಿ ಕಂಡವರು, ವಾಹನಕ್ಕೂ ಪ್ರಾರ್ಥನೆ ಸಲ್ಲಿಸುವ ಭಕ್ತೆ ಎಂದೇ ಭಾವಿಸುತ್ತಿದ್ದರು. ಕಣ್ಣು ತೆರೆದು ಡಾಕ್ಟರಮ್ಮ ಹೇಳುತ್ತಿದ್ದುದು ಒಂದೇ ಮಾತು: "ಜ್ವರ ಉಂಟು."

ಎರಡೇ ಸೀಟಿನ, ಕಡುನೀಲಿ ಬಣ್ಣದ, ಬಟ್ಟೆಯ ಚಾವಣಿಯ ಹಳೆಯ ಸ್ಪೋರ್ಟ್ಸ್ ಕಾರು ಅದು. ಸ್ವದೇಶಕ್ಕೆ ಹೊರಟಿದ್ದ ಆಂಗ್ಲ ಎಸ್ಟೇಟ್ ಮ್ಯಾನೇಜರೊಬ್ಬನಿಂದ ಅವರ ತಂದೆ ಕೊಂಡದ್ದು. ತೀರಿಕೊಳ್ಳುವಾಗ ಇಬ್ಬರು ಹೆಣ್ಣುಮಕ್ಕಳಿಗೂ ಸಮನಾಗಿ ಬಿಟ್ಟುಹೋದದ್ದು. ಅಕ್ಕ ಭಾಗೀರಥಿಯಮ್ಮ ಪತಿವಿಯೋಗದ ಬಳಿಕ ತಂಗಿಯ ಮನೆಯಲ್ಲೇ ಇದ್ದರು. ಅವರು ಆ ಕಾರನ್ನು ಏರುತ್ತಿರಲಿಲ್ಲ. ಹಾಗಾಗಿ ಎಡಗಡೆಯ ಸೀಟು ಬಹುಕಾಲ ನೆರೆಮನೆಯ ಸಂಸ್ಕೃತ ಅಧ್ಯಾಪಕನಾದ ನನ್ನ ಪಾಲಿಗಿತ್ತು.

ಅದು ಸುಖಾಸನವೇನಲ್ಲ. ಪುತ್ತೂರಿಗೆ ಹೋಗುವ ಒಂದು ಮಧ್ಯಾಹ್ನ ಕಾರಿನೊಳಗಿನ ಬಿಸಿಗೆ ಪಾದಗಳು ಬೆಂದು, ನಾನು ಸದ್ದಿಲ್ಲದೆ ಎರಡೂ ಕಾಲುಗಳನ್ನು ಮೇಲೆತ್ತಿ ಮಡಚಿಕೊಂಡೆ.

"ಎಂತ ಮಾಷ್ಟ್ರೆ, ಕಾಲು ಮೇಲೆ?" ಎಂದರು ಡಾಕ್ಟರಮ್ಮ.

"ಪದ್ಮಾಸನ."

"ಇಷ್ಟು ಬೆವರುವ ಪದ್ಮಾಸನ ನಾನು ನೋಡಿದ್ದೇ ಇಲ್ಲ ಮಾರಾಯ್ರೆ!"

ವೈದ್ಯವೃತ್ತಿಯಲ್ಲಿ ಅವರ ಹಿರಿಮೆಯಿದ್ದುದು ಕಿವಿಯಲ್ಲಿ. "ಜ್ವರ ಉಂಟು ಅಂತ ನಂಗೆ ಕಾಣ್ತದೆ. ಎಲ್ಲಿಂದ ಬಂತು ಅಂತ ನೀವು ಹೇಳ್ಬೇಕು," ಎಂದು ಪ್ರತಿಯೊಬ್ಬ ರೋಗಿಗೂ ಹೇಳಿ, ಗಲ್ಲಕ್ಕೆ ಕೈಕೊಟ್ಟು ಕೇಳುತ್ತಿದ್ದರು. ಹೊಟ್ಟೆನೋವೆಂದು ಬಂದ ಬೆಟ್ಟಂಪಾಡಿಯ ಕೃಷಿಕನೊಬ್ಬ ತನ್ನ ಗಬ್ಬದ ಹಸುವಿನ ಕಥೆಯನ್ನೇ ವಿಸ್ತರಿಸತೊಡಗಿದಾಗ, ಹೊರಗೆ ಕಾದಿದ್ದ ನಾವೆಲ್ಲ ಚಡಪಡಿಸಿದೆವು. ಅವರು ತಡೆಯಲಿಲ್ಲ. ಹಸುವಿನ ಬಳಿ ಕಾವಲು ಕುಳಿತವನು ಊಟ ಬಿಟ್ಟು ಬರೀ ಕರಿಚಹಾ ಕುಡಿಯುತ್ತಿದ್ದನೆಂಬುದು ಕಥೆಯ ಕೊನೆಯಲ್ಲಿ ಹೊರಬಿತ್ತು. "ಹಸುವಿಗೆ ಹಿಂಡಿ ಕೊಟ್ರಿ. ನಿಮಗೆ ಯಾರು ಕೊಡುದು?" ಎಂದು ಗದರಿ, ಗಂಜಿ ಉಣ್ಣಲು ಹೇಳಿ ಕಳುಹಿಸಿದರು.

ಹೀಗಿರುವಾಗ ಮಂಗಳೂರಿನಲ್ಲಿ ಹಳೆಯ ಕಾರುಗಳನ್ನು ಸಂಗ್ರಹಿಸುವ ಸಜ್ಜನರೊಬ್ಬರು ನೀಲಿ ಕಾರನ್ನು ಕೇಳಿದರು. ಭಾಗೀರಥಿಯಮ್ಮನಿಗೆ ಅದು ದೈವಸಹಾಯವೆನಿಸಿತು.

"ಕೊಟ್ಟು ಬಿಡು ಸುಮಿ. ಅದರಲ್ಲಿ ಕೂತ್ರೆ ನಾನು ಕೆಂಡದ ಮೇಲಿನ ಹಪ್ಪಳ."

"ಅಕ್ಕ, ಅಪ್ಪನ ಕಾರು!"

"ನನಗೂ ಅಪ್ಪನೇ. ಸುಬ್ರಹ್ಮಣ್ಯದವರೆಗೆ ಕಾಲು ಕೆಳಗಿಟ್ಟು ಕೂತುಕೊಳ್ಳುವ ಹಾಗೆ ಮಾಡು, ಕಾರು ಇರ್ಲಿ. ಆಗದಿದ್ರೆ ಅವರಿಗೆ."

ಡಾಕ್ಟರಮ್ಮ ಒಪ್ಪಿದರು. ಆದರೆ ಅಂದು ಸಂಜೆ ನಮ್ಮ ಜಗಲಿಯಲ್ಲಿ ಕುಳಿತು ಮೆಲ್ಲನೆ, "ಅಪ್ಪನ ಸ್ವರ ನಂಗೆ ಮರೆತು ಹೋಗಿದೆ ಮಾಷ್ಟ್ರೆ. ಈ ಇಂಜಿನಿಂದು ಮರೆತಿಲ್ಲ," ಎಂದರು. ಹೋಗುವುದು ಕಾರು ಮಾತ್ರವಲ್ಲವೆಂದು ನನಗೆ ಆಗ ತಿಳಿಯಿತು.

ಡಾಕ್ಟರಮ್ಮನೊಡನೆ ಪುತ್ತೂರಿನ ಮೆಕ್ಯಾನಿಕ್ ಇಬ್ರಾಹಿಂ ಕಾರಿನ ಚಿಕಿತ್ಸೆಗೆ ತೊಡಗಿದ. ಇಂಜಿನಿಗೂ ಸೀಟಿಗೂ ನಡುವಿನ ತಗಡಿನ ಗೋಡೆಯಲ್ಲಿ ತಂತಿಗಳು ಹಾದುಬರುವ ತೂತುಗಳಿಗೆಲ್ಲ ರಬ್ಬರಿನ ಬಳೆ ತೊಡಿಸಿದರು. ಮ್ಯಾಟಿನಡಿಗೆ ಬಿಸಿ ತಡೆಯುವ ಬೆಳ್ಳಿಬಣ್ಣದ ದಪ್ಪ ಹಾಳೆ ಹಾಸಿದರು. ಹೊಗೆಕೊಳವೆಗೂ ನೆಲಕ್ಕೂ ಮಧ್ಯೆ, ಗಾಳಿಯಾಡಲು ಸಂದು ಬಿಟ್ಟು, ತಗಡಿನ ಮರೆ ಕಟ್ಟಿದರು.

"ಇನ್ನು ಒಳಗೆ ಐಸ್‌ಕ್ರೀಮ್ ಇಟ್ರೂ ಕರಗುದಿಲ್ಲ ಡಾಕ್ಟ್ರೆ," ಎಂದ ಇಬ್ರಾಹಿಂ.

ಸವಣೂರಿನವರೆಗೆ ಹೋಗಿಬಂದ ಭಾಗೀರಥಿಯಮ್ಮ ಇಳಿದವರೇ, "ಐಸ್‌ಕ್ರೀಮಿನ ವಿಷಯ ನಂಗೊತ್ತಿಲ್ಲ. ನನ್ನ ಕಾಲು ಕರಗಿತು. ಅಲ್ಲ ಸುಮಿ, ಅದು ಯಾರೋ..." ಎಂದು ಆರಂಭಿಸಿದರು.

"ಸಾಕು ಅಕ್ಕ. ನಿಂಗೆ ಎಲ್ಲದರಲ್ಲೂ ಕಂಪ್ಲೇಂಟೇ," ಎಂದು ತಂಗಿ ಒಳನಡೆದರು. ಲೋಕದ ಮಾತನ್ನೆಲ್ಲ ಕೇಳುವ ಆ ಕಿವಿ ಮನೆಯ ಮಾತಿಗೆ ಮುಚ್ಚಿಹೋಯಿತು.

ಮರುದಿನ ನಾನು ರಕ್ತದೊತ್ತಡ ತೋರಿಸಲು ಕ್ಲಿನಿಕ್ಕಿಗೆ ಹೋದಾಗ ಬೆಂಚಿನ ತುದಿಯಲ್ಲಿ, ಕೈಯಲ್ಲಿ ಚೀಟಿ ಹಿಡಿದು, ಭಾಗೀರಥಿಯಮ್ಮ ಗಂಭೀರವಾಗಿ ಕುಳಿತಿದ್ದರು. ಸರದಿ ಬಂದಾಗ ಎದ್ದು ಒಳಗೆ ಹೋದರು. ಬಾಗಿಲು ತೆರೆದೇ ಇತ್ತು.

"ಎಂತ ಅಕ್ಕ? ಹುಷಾರಿಲ್ವ?" ಡಾಕ್ಟರಮ್ಮ ಗಾಬರಿಯಿಂದ ಕೇಳಿದರು.

"ಕಾಲಿಗೆ ಬಿಸಿ. ಎಲ್ಲಿಂದ ಬಂತು ಅಂತ ಹೇಳ್ಲಿಕ್ಕೆ ಬಂದೆ. ಮನೆಯಲ್ಲಿ ಡಾಕ್ಟ್ರು ಸಿಗುದಿಲ್ಲ."

ಬೆಂಚಿಗೆ ಬೆಂಚೇ ನಕ್ಕಿತು. ಡಾಕ್ಟರಮ್ಮ ನಗಲಿಲ್ಲ. ಸ್ಟೆತಾಸ್ಕೋಪನ್ನು ತೆಗೆದಿಟ್ಟು, ಗಲ್ಲಕ್ಕೆ ಕೈಕೊಟ್ಟು, "ಹೇಳಿ," ಎಂದರು.

"ಕಾರು ನಿಂತಾಗ ಇಲ್ಲ. ಓಡುವಾಗ ಮಾತ್ರ. ಅಡಿಯಿಂದ ಅಲ್ಲ, ಎದುರಿನಿಂದ. ಯಾರೋ ಒಲೆ ಊದಿದ ಹಾಗೆ ಪಾದದ ಮೇಲೆ ಗಾಳಿ ಬರ್ತದೆ."

ಡಾಕ್ಟರಮ್ಮ ಎದ್ದುನಿಂತು ಅಕ್ಕನ ಎರಡೂ ಕೈಗಳನ್ನು ಹಿಡಿದುಕೊಂಡರು. ನಮಗೆಲ್ಲ ಸಂಜೆ ಬರಲು ಹೇಳಿ ನೇರವಾಗಿ ಪುತ್ತೂರಿಗೆ ಕಾರು ಬಿಟ್ಟರು.

ಅಷ್ಟರವರೆಗೆ ಇಬ್ರಾಹಿಂ ನಿಂತ ಕಾರನ್ನೇ ಪರೀಕ್ಷಿಸಿದ್ದ. ಈಗ ಡಾಕ್ಟರಮ್ಮ ಓಡಿಸುತ್ತಿರುವಾಗ ಪಕ್ಕದಲ್ಲಿ ಮುದುಡಿ ಕುಳಿತು, ಎದುರಿನ ಡ್ಯಾಶ್‌ಬೋರ್ಡಿನ ಕೆಳಗೆ ಕೈಚಾಚಿ ತಡವಿದ. ಕತ್ತಲ ಮೂಲೆಯ ಪುಟ್ಟ ಪೆಟ್ಟಿಗೆಯೊಂದರಿಂದ ಬಿಸಿಗಾಳಿ ಹೊರಡುತ್ತಿತ್ತು. ಚಳಿದೇಶದವರು ತಮ್ಮ ಪಾದ ಬೆಚ್ಚಗಿರಲೆಂದು ಇಟ್ಟಿದ್ದ ಹೀಟರ್! ಅದರ ಗುಂಡಿ ಒತ್ತಿದ ಸ್ಥಿತಿಯಲ್ಲೇ ಇದ್ದುದರಿಂದ ಮುಚ್ಚಿದೆಯೆಂದೇ ಎಲ್ಲರೂ ನಂಬಿದ್ದರು. ಗುಂಡಿಯ ಹಿಂದಿನ ತಂತಿ ಎಂದೋ ತುಂಡಾಗಿ, ಇಂಜಿನಿನಿಂದ ಹೀಟರಿಗೆ ಬರುವ ಬಿಸಿನೀರಿನ ಬಾಯಿ ತೆರೆದೇ ಉಳಿದಿತ್ತು.

"ಡಾಕ್ಟ್ರೆ, ಈ ಪುತ್ತೂರಿನ ಸೆಕೆಗೆ ನೀವು ಇಷ್ಟು ವರ್ಷ ಒಲೆ ಹೊತ್ತಿಸಿಕೊಂಡು ತಿರುಗಿದ್ದಾ!"

ಡಾಕ್ಟರಮ್ಮ ಗ್ಯಾರೇಜಿನ ಮೆಟ್ಟಿಲ ಮೇಲೆ ಕುಳಿತು ಕಣ್ಣೀರು ಬರುವಷ್ಟು ನಕ್ಕರಂತೆ. ಬಿಸಿನೀರು ಆ ಪೆಟ್ಟಿಗೆಯ ಕಡೆಗೆ ಹೋಗದಂತೆ ಇಬ್ರಾಹಿಂ ಕೊಳವೆಯನ್ನು ತಿರುಗಿಸಿ ಕಟ್ಟಿದ.

ಸುಬ್ರಹ್ಮಣ್ಯಕ್ಕೆ ಹೊರಟ ದಿನ ನೀಲಿ ಕಾರಿನಲ್ಲಿ ಅಕ್ಕ ತಂಗಿ. ಹಿಂದೆ ಇಬ್ರಾಹಿಮನ ಜೀಪಿನಲ್ಲಿ ನಾನು. ಪಂಜದಲ್ಲಿ ಎಳನೀರಿನ ಬೊಂಡ ಕುಡಿಯಲು ನಿಲ್ಲಿಸಿದಾಗ ನಾವಿಬ್ಬರೂ ಆತಂಕದಿಂದ ಇಣುಕಿದೆವು. ಭಾಗೀರಥಿಯಮ್ಮ ಎರಡೂ ಪಾದಗಳನ್ನು ನೆಲಕ್ಕೂರಿ, ಬಾಯಿ ತುಸು ತೆರೆದು, ಸೊಗಸಾಗಿ ನಿದ್ರಿಸುತ್ತಿದ್ದರು. "ಎಬ್ಬಿಸ್ಬೇಡಿ, ಮದ್ದು ಹಿಡೀತಾ ಉಂಟು," ಎಂದು ಡಾಕ್ಟರಮ್ಮ ಪಿಸುಗುಟ್ಟಿದರು.

ದೇವರ ದರ್ಶನವಾಗಿ ಹೊರಬರುವಾಗ ಮಂಗಳೂರಿನವರ ಫೋನ್ ಬಂತು. ತಂಗಿ ಉತ್ತರಿಸುವ ಮೊದಲೇ ಅಕ್ಕ ಮೊಬೈಲನ್ನು ಕಸಿದುಕೊಂಡರು.

"ಕಾರು ಕೊಡುದಿಲ್ಲ. ನಾಡಿದ್ದು ನಮಗೆ ಕಡಬಕ್ಕೆ ಹೋಗ್ಲಿಕ್ಕೆ ಉಂಟು," ಎಂದು ಹೇಳಿ ಇಟ್ಟುಬಿಟ್ಟರು.

ಅಲ್ಲಿಂದ ಮುಂದೆ ನನಗೆ ಬಸ್ಸೇ ಗತಿಯಾಯಿತು. ಕಳೆದ ಚೈತ್ರದ ಒಂದು ಬೆಳಿಗ್ಗೆ ನಾನು ಬಸ್ಸಿಗೆ ಕಾದು ನಿಂತಿದ್ದಾಗ ನೀಲಿ ಕಾರು ಬಂತು. ಡಾಕ್ಟರಮ್ಮ ವೇಗ ತಗ್ಗಿಸಿ, "ಮಾಷ್ಟ್ರೆ, ಸೀಟು ಖಾಲಿ ಇಲ್ಲ!" ಎಂದು ಕೂಗಿ ನಕ್ಕರು. ಪಕ್ಕದಲ್ಲಿ ಭಾಗೀರಥಿಯಮ್ಮ ರಾಣಿಯಂತೆ ಕೈಬೀಸಿದರು. ನಾನು ಡಾಕ್ಟರಮ್ಮನವರನ್ನು ಕಂಡದ್ದು ಅದೇ ಕೊನೆ. ಅದೇ ವಾರ, ಕ್ಲಿನಿಕ್ಕಿನ ಕುರ್ಚಿಯಲ್ಲೇ, ಅವರ ಹೃದಯ ನಿಂತಿತು.

ಕಾರಿನಡಿಯಲ್ಲಿ ಮಲಗಿ ದುಡಿದ ಇಬ್ರಾಹಿಮನ ಬೆನ್ನು ಎಂದೂ ನೋಯದಿರಲಿ. ಅಂದು ಬೆಂಚಿನಲ್ಲಿ ನಕ್ಕವರೆಲ್ಲ ಆರೋಗ್ಯವಂತರಾಗಿರಲಿ. ಭಾಗೀರಥಿಯಮ್ಮನವರ ಪಾದಗಳು ತಂಪಾಗಿರಲಿ. ತಂಗಿಯಿಲ್ಲದ ಅವರ ಮನೆಯಲ್ಲಿ ಮಾತು ಕೇಳುವವರು ಸದಾ ಇರಲಿ. ಮುಂದೆ ಹೋದ ಸುಮಿತ್ರಮ್ಮನವರ ಹಾದಿಯುದ್ದಕ್ಕೂ ನೆರಳಿರಲಿ. ಎಲ್ಲರಿಗೂ ಮಂಗಳವಾಗಲಿ.